ಎಡಗಾಲಿಗೆ ಕೆಲಸವಿಲ್ಲ

ಐವತ್ತೊಂದು ತುಂಬಿದ ಮೇಲೆ ಕೊಂಡ ಕಾರು,
ಕ್ಲಚ್ಚಿಲ್ಲದ್ದು.
ಬೇಕೆಂದೇ ಕೊಂಡೆ. ಬ್ಯಾಂಕಿನ ಕೌಂಟರಿನಲ್ಲಿ
ಇಪ್ಪತ್ತೆಂಟು ವರ್ಷ ಎರಡು ಕೈ, ಎರಡು ಕಣ್ಣು, ಒಂದು ಬಾಯಿ
ಒಟ್ಟಿಗೇ ದುಡಿಸಿದವಳು
ಒಂದು ಕಾಲಿಗಾದರೂ ರಜೆ ಕೊಡೋಣವೆಂದು.

ಕಲಿಸಲು ಬಂದವರು ಸಿದ್ದಪ್ಪಾಜಿ,
ಮಂಡ್ಯದ ಕಾರ್ಖಾನೆಗೆ ಕಬ್ಬಿನ ಲಾರಿ ಓಡಿಸಿ ಮಂಡಿ ಸವೆಸಿಕೊಂಡವರು.
ಗೇರಿನ ಪಕ್ಕದ ಅಕ್ಷರಗಳನ್ನು ಬಗ್ಗಿ ನೋಡಿ
‘ಇದೇನವ್ವಾ, ಗಾಡಿಯೋ ಕಾಪಿ ಪುಸ್ತಕವೋ’ ಅಂದರು.
ಎರಡು ದಿನ ತಾವೇ ಓಡಿಸಿದರು,
ಮೂರನೆಯ ದಿನ ಗುರುವಾದರು.

ಊರೊಳಗೆ ಸುಲಭ.
ರಾಮಸ್ವಾಮಿ ವೃತ್ತದಲ್ಲಿ ದೀಪ ಹಸಿರಾದರೆ
ಬ್ರೇಕಿನಿಂದ ಪಾದ ಒಂದಿಷ್ಟು ಎತ್ತಿದರೆ ಸಾಕು,
ಕಾರು ತಾನೇ ತೆವಳುತ್ತದೆ
ಪ್ರಸಾದದ ಸಾಲಿನಲ್ಲಿ ಯಾರನ್ನೂ ತಳ್ಳದೆ
ಮುಂದೆ ಬಂದುಬಿಡುವ ಅಜ್ಜಿಯ ಹಾಗೆ.
ಟಾಂಗಾದ ಹಿಂದೆ ಕುದುರೆಯ ಹೆಜ್ಜೆಗೆ ನಡೆದರೂ
ಕೆಮ್ಮುವುದಿಲ್ಲ, ಆಫ್ ಆಗುವುದಿಲ್ಲ.

ಆದರೆ ಹಂಪು ಬಂದಾಗಲೆಲ್ಲ
ಎಡಗಾಲು ಏನನ್ನೋ ಹುಡುಕುತ್ತದೆ.
ಒಮ್ಮೆ ದೇವರಾಜ ಮಾರುಕಟ್ಟೆಯ ಎದುರು
ಹಳೇ ಸ್ಕೂಲಿನ ಕ್ಲಚ್ಚೆಂದು ಬ್ರೇಕನ್ನೇ ತಳದವರೆಗೆ ಒತ್ತಿ
ಹಿಂದಿನ ಸೀಟಿನ ವೀಳ್ಯದೆಲೆ ಮುಂದೆ ಬಂತು.
ಸ್ಕೂಟರಿನವನು ನನ್ನ ವಂಶವನ್ನು ವಿಚಾರಿಸಿದ.
‘ಆ ಕಾಲ ಹಿಂದಕ್ಕೆ ಮಡಚಿ ಇಟ್ಕಳಿ,
ಕೆಲಸ ಇಲ್ದಿರೋ ಕಾಲು ಕಂಡ್ರೆ ನಂಗೂ ಭಯ.’

ಭಾನುವಾರ, ಇನ್ನೂ ಏಳಾಗಿಲ್ಲ, ಚಾಮುಂಡಿ ಬೆಟ್ಟ.
ಹತ್ತಿದ್ದು ದೊಡ್ಡದಲ್ಲ.
ಇಳಿಯುವಾಗ ‘ಡಿ’ಯಲ್ಲೇ ಬಿಟ್ಟೆ ನೋಡಿ,
ತನಗೆ ತಾನೇ ಮೇಲಿನ ಗೇರು ಕೊಟ್ಟುಕೊಂಡು
ಬಡ್ತಿ ಸಿಕ್ಕ ಮ್ಯಾನೇಜರಿನಂತೆ
ಯಾರ ಮಾತೂ ಕೇಳದೆ ಓಡಿತು.
ಒತ್ತಿದೆ, ಬಿಟ್ಟೆ, ಒತ್ತಿದೆ, ಒತ್ತಿಯೇ ಇದ್ದೆ.

‘ಬ್ರೇಕು ಉಪ್ಪಿನಕಾಯಿ ಕಣವ್ವ.
ಅದನ್ನೇ ಊಟ ಮಾಡ್ಬ್ಯಾಡಿ.
ಎರಡಕ್ಕೆ ಎಳೀರಿ. ತಿರುವು ಬಂತು, ಎಲ್ಲಿಗೆ ಎಳೀರಿ.’

ಎಳೆದೆ.
ಇಂಜಿನ್ನು ಕೂಗಿತು,
ಎಂಥ ಕೂಗು, ಮುರಿದೇಹೋಯಿತೆಂದುಕೊಂಡೆ.
ಕಟ್ಟೆಯ ಮೇಲಿನ ಕೋತಿ ಕೂಡ ತಲೆ ಎತ್ತಿತು.

‘ಕೂಗಲಿ ಬುಡಿ.
ಹಿಡ್ಕೊಂಡಿರೋನು ತಾನೆ ಕೂಗೋದು.’

ಕಾಲು ಎರಡೂ ಖಾಲಿ. ಕಾರು
ಯಾರೋ ಹಿಂದಿನಿಂದ ಸೆರಗು ಹಿಡಿದಂತೆ
ನಿಧಾನ, ನಿಧಾನ ಇಳಿಯಿತು.
ಎಡಕ್ಕೆ ಲಲಿತಮಹಲಿನ ಬಿಳಿ
ಮಂಜಿನಲ್ಲಿ ಕರಗದ ಸಕ್ಕರೆ ಅಚ್ಚು.
ಮುಂದಿನ ತಿರುವಿನಲ್ಲಿ ಒಂದು ಟೆಂಪೊ ನಿಂತಿತ್ತು,
ಚಕ್ರಕ್ಕೆ ಬಾಟಲಿಯಿಂದ ನೀರು ಹಾಕುತ್ತಿದ್ದರು.
ಇಸ್ತ್ರಿಗೆ ಸಿಕ್ಕಿ ಸುಟ್ಟ ಗುಂಡಿಯ ವಾಸನೆ.

ಆಗ ಹೇಳಿದರು, ಕೇಳದೆಯೇ:
‘ಮೇಲುಕೋಟೆ ಇಳಿಜಾರು. ಒಂದಿಷ್ಟು ಡೀಸೆಲ್ ಉಳೀಲಿ ಅಂತ
ನ್ಯೂಟ್ರಲ್ ಮಾಡ್ದೆ. ಬೆನ್ನಿಗೆ ಹದಿನಾರು ಟನ್ನು ಕಬ್ಬು.
ಸದ್ದೇ ಇರ್ಲಿಲ್ಲ ಕಣವ್ವ,
ಗಾಳಿ ಮಾತ್ರ. ಸುಖವಾಗಿತ್ತು.’

ಆಮೇಲೆ?

‘ಆಮೇಲೇನು, ಕಬ್ಬು ಚೆಲ್ತು’ ಅಂದು
ಕಿಟಕಿಯ ಆಚೆ ನೋಡಿದರು.
ಪಕ್ಕದಲ್ಲಿ ಕ್ಲೀನರ್ ಯಾರಿದ್ದ ಎಂದು
ನಾನು ಕೇಳಲಿಲ್ಲ.

ಬೆಟ್ಟದ ಬುಡದಲ್ಲಿ ನಿಲ್ಲಿಸಿ ‘ಪಿ’ಗೆ ತಂದು
ಕೈಬ್ರೇಕು ಎಳೆದೆ. ಅವರು ಇಳಿದು,
ಜ್ವರದ ಮಗುವಿನ ಹಣೆಗೆ ಹಿಡಿಯುವಂತೆ
ಚಕ್ರದ ಹತ್ತಿರ ಅಂಗೈ ಹಿಡಿದರು.
‘ಬೆಚ್ಚಗದೆ. ಅಷ್ಟೆ.’
ಕಡಲೆಪುರಿ ಕೊಂಡೆವು. ಅರ್ಧ ಅರ್ಧ.

ಸೋಮವಾರ ಕಾರು ಗುಡಿಸುವಾಗ ಕಂಡಿತು:
ಅವರು ಕೂರುವ ಸೀಟಿನ ಮುಂದೆ, ಹೊಸ ಮ್ಯಾಟಿನಲ್ಲಿ
ಎರಡು ತಗ್ಗು.
ಬಲಕ್ಕೆ ಬ್ರೇಕಿನಷ್ಟು,
ಎಡಕ್ಕೆ, ಇನ್ನೂ ಆಳವಾಗಿ,
ಇಲ್ಲದ ಕ್ಲಚ್ಚಿನಷ್ಟು.